ನಲವತ್ತೊಂದನೇ ಪುಟ

"ಮೇಡಂ, ನಿಮ್ಮ ಏಣಿಗೆ ಕೊನೇನೇ ಇಲ್ಲ. ಹತ್ತಿದವರು ಇಳಿಯೋದು ಹೇಗೆ?"

ತುಂಬಿದ ಸಭೆಯಲ್ಲಿ ಅವನು ಅವಳಿಗೆ ಹೇಳಿದ ಮೊದಲ ಮಾತದು! ಎಲ್ಲರೂ ಘೊಳ್ಳೆಂದು ನಕ್ಕಿದ್ದರು. ಕೊನೆಯಿಲ್ಲದ ಜಾಲಗಳ ಗಣಿತವೇ ಅವಳ ಸಂಶೋಧನೆ. ಹಲಗೆಯ ಮೇಲೆ ಬರೆದದ್ದೂ ಅಂಥದ್ದೇ ಏಣಿ. ಅವಳಿಗೆ ಮೈಯೆಲ್ಲ ಉರಿದಿತ್ತು. ಜೇಬಲ್ಲಿ ಸದಾ ರಬ್ಬರ್ ಇಟ್ಟುಕೊಂಡು ತಿರುಗುವ, ತನ್ನದೇ ವಿಭಾಗದ ಆ ಆಸಾಮಿಗೆ ಅಂದೇ 'ರಬ್ಬರ್ ರಾಯ' ಎಂದು ಹೆಸರಿಟ್ಟಳು. ಅವಳ ಪ್ರಬಂಧ ತಿದ್ದುವ ಕೆಲಸವನ್ನು ಗೈಡ್ ಅವನಿಗೇ ಒಪ್ಪಿಸಬೇಕೇ? ಹಣೆಬರಹ!

ಆರು ತಿಂಗಳು, ದಿನಾ ಮಧ್ಯಾಹ್ನ, ಒಂದೇ ಮೇಜು, ಒಂದೇ ಫ್ಲಾಸ್ಕಿನ ಕಾಫಿ. ಕೋಪ ಯಾವಾಗ ಕರಗಿತೋ ಅವಳಿಗೇ ತಿಳಿಯಲಿಲ್ಲ.

ಇವತ್ತು ಪ್ರಬಂಧ ಒಪ್ಪಿಸುವ ಕೊನೆಯ ದಿನ. ತಪ್ಪಿದರೆ ಐದು ವರ್ಷದ ಓದೂ ಹೋಯಿತು, ಹಾಸ್ಟೆಲ್ ಕೋಣೆಯೂ ಹೋಯಿತು. ಅವನು ತಿದ್ದಿದ ಪ್ರತಿಯ ಪುಟಗಳನ್ನು ಕೊನೆಯ ಸಲ ತಿರುವುತ್ತಿದ್ದವಳು ನಲವತ್ತೊಂದರಲ್ಲಿ ನಿಂತಳು. ಅಂಚಿನಲ್ಲಿ ಅಳಿಸಿದ ಪೆನ್ಸಿಲ್ ಗುರುತು! ಕಿಟಕಿಯ ಬೆಳಕಿಗೆ ಹಿಡಿದಳು.

'ಮೊದಲ ಮೆಟ್ಟಿಲು ನೋಡಿ.' ಪಕ್ಕದಲ್ಲಿ ಎರಡು ತಿಂಗಳ ಹಿಂದಿನ ತಾರೀಖು.

ನೋಡಿದಳು. ಏಣಿಯಲ್ಲಿ ಹೊರಟಲ್ಲಿಗೇ ಮರಳುವ ದಾರಿಗಳನ್ನು, ಅಂದರೆ ಸುತ್ತುಗಳನ್ನು, ಎಷ್ಟಾದರೂ ಕೂಡಿಸಬಹುದು. ಆದರೆ ಯಾವ ಮೆಟ್ಟಿಲ ಮೇಲೂ ಎಣಿಸಿ ಮುಗಿಯದಷ್ಟು ಸುತ್ತುಗಳು ಹಾಯಬಾರದು. ಅವಳ ಕೊನೆಯಿಲ್ಲದಷ್ಟು ಸುತ್ತುಗಳೆಲ್ಲ ಮೊದಲ ಮೆಟ್ಟಿಲನ್ನೇ ತುಳಿದಿದ್ದವು. ಪ್ರಮೇಯ ಅಲ್ಲೇ ಬಿದ್ದುಹೋಗಿತ್ತು.

ಫ್ಲಾಸ್ಕ್ ಹಿಡಿದು ಅವನು ಒಳಗೆ ಬಂದ.

"ಗೊತ್ತಿದ್ದೂ ಅಳಿಸಿಬಿಟ್ರಾ? ನನ್ನ ಮುಳುಗಿಸೋಕೆ ಇಷ್ಟೆಲ್ಲಾ ನಾಟಕಾನಾ?"

"ಅಯ್ಯೋ, ಹಾಗಲ್ಲ..." ಅವನು ಫ್ಲಾಸ್ಕನ್ನು ಮೇಜಿನ ಮೇಲಿಟ್ಟ. "ನಾನೇ ಸರಿಮಾಡಿಬಿಡ್ತೀನಿ ಅಂದ್ಕೊಂಡೆ. ಎರಡು ತಿಂಗಳು ಒದ್ದಾಡಿದೆ... ಆಗಲಿಲ್ಲ. ಹೇಳಿದ್ರೆ ನೀವು ಪ್ರಬಂಧ ಕೈಬಿಟ್ಟು, ಈ ಮೇಜು ಬಿಟ್ಟು ಹೋಗ್ತಿದ್ರಿ. ನಿಮ್ಮನ್ನ ಬಿಟ್ಟಿರೋಕೆ ನನ್ನ ಕೈಲಿ ಆಗಲ್ಲ."

ಎರಡು ತಿಂಗಳು! ಅಂದೇ ಹೇಳಿದ್ದರೆ ಬೇರೆ ದಾರಿ ಹುಡುಕುತ್ತಿದ್ದಳಲ್ಲ... ಇವನ ಪ್ರೀತಿಯೇ ಅವಳಿಗೆ ಮುಳುವಾಯಿತು. ಕಪಾಳಕ್ಕೆ ಬಾರಿಸಬೇಕೆನಿಸಿತು. ಅವನ ಹೆಗಲಿಗೊರಗಿ ಅಳಬೇಕೆಂದೂ ಅನಿಸಿತು. ಎರಡನ್ನೂ ಮಾಡಲಿಲ್ಲ.

"ಹಾಗೇ ಕೊಟ್ಬಿಡಿ," ಎಂದ ಮೆಲ್ಲಗೆ. "ಯಾರಿಗೂ ಗೊತ್ತಾಗಲ್ಲ."

"ನನಗೆ ಗೊತ್ತಾಯ್ತಲ್ಲ."

ಕೆಳಗೆ, ಪ್ರಬಂಧ ಒಪ್ಪಿಸಬೇಕಿದ್ದ ಕಚೇರಿಯ ಬಾಗಿಲು ಹಾಕುವ ಸದ್ದಾಯಿತು. ಇಬ್ಬರೂ ಏಳಲಿಲ್ಲ. ಅವಳು ಪುಟವನ್ನು ಅವನತ್ತ ಸರಿಸಿದಳು.

"ಅಳಿಸಿದ್ದನ್ನ ಮತ್ತೆ ಬರೀರಿ."

ಅವನು ಬರೆದ.

"ನಾಳೆ ಕೋಣೆ ಖಾಲಿ ಮಾಡ್ಬೇಕು. ಎಲ್ಲಿಗೆ ಹೋಗ್ತೀನೋ ಗೊತ್ತಿಲ್ಲ," ಎಂದಳು.

"ನಾನೂ ಬರ್ಲಾ?"

"ಬಂದು ಏನ್ ಮಾಡ್ತೀರಿ, ರಬ್ಬರ್ ರಾಯರೇ?"

"ಪೆಟ್ಟಿಗೆ ಹೊರ್ತೀನಿ."

ಅವಳು ಕಣ್ಣೊರೆಸಿಕೊಂಡಳು.

"ರಬ್ಬರ್ ಇಲ್ಲೇ ಬಿಟ್ಟು ಬನ್ನಿ."