ನೂರ ಹದಿನಾಲ್ಕು ಫೋಟೋಗಳು

2019ರ ನವೆಂಬರ್ 12, ಮಂಗಳವಾರ, ಬೆಳಿಗ್ಗೆ 9.10. ಕಿರ್ಗಿಜ್ ನಾಡಿನ ಕರಕೋಲ್ ನಗರ ಠಾಣೆಯ ಮೆಟ್ಟಿಲ ಮೇಲೆ ಬೂಟಿನ ಹಿಮ ಒದರಿ ಒಳಬಂದ ಲಿಡಿಯಾ ದಾವಿದೋವ್ನಾ ಪೆನ್ನರ್ ಎಂಬ ಐವತ್ತೆಂಟು ವರ್ಷದ ಹೆಂಗಸು, ಕೈಗವಸು ಬಿಚ್ಚದೆಯೇ ಕುರ್ಚಿಯಲ್ಲಿ ಕುಳಿತು, ತನ್ನ ಭಾಷಾಂತರ ಕಚೇರಿಯಲ್ಲಿ ರಾತ್ರಿ ಕಳ್ಳತನವಾಗಿದೆ ಎಂದು ದೂರು ಕೊಟ್ಟರು.

ತನಿಖಾಧಿಕಾರಿ ಕ್ಯಾಪ್ಟನ್ ಬುರುಲ್ ಕಾಸಿಮೊವಾ ನಮೂನೆಯ ಹಾಳೆ ಎಳೆದುಕೊಂಡಳು.

"ಏನೇನು ಹೋಗಿದೆ?"

"ಒಂದು ಫೈಲು."

"ದುಡ್ಡು?"

"ಡ್ರಾಯರಿನಲ್ಲಿದ್ದದ್ದು ಹಾಗೇ ಇದೆ. ಕಂಪ್ಯೂಟರೂ ಇದೆ. ನಲವತ್ತೊಂದು ಫೈಲಿನಲ್ಲಿ ಒಂದೇ ಒಂದು ಹೋಗಿದೆ ಕಣಮ್ಮ."

"ಯಾರದ್ದು?"

"ಇಲ್ಗಿಜ್‌ದು. ಬೆಟ್ಟ ಹತ್ತಿಸೋ ಗೈಡು. ಹೆಂಡತಿ ಯುರೋಪಿನವಳು. ಅವಳ ಹತ್ತಿರ ಹೋಗೋಕೆ ವೀಸಾ ಬೇಕಲ್ಲ, ಶುಕ್ರವಾರ ಬಿಷ್ಕೆಕ್‌ನಲ್ಲಿ ಸಂದರ್ಶನ. ಏಳು ತಿಂಗಳು ಕಾದು ಸಿಕ್ಕಿದ ತಾರೀಖು. ಎಲ್ಲ ಜರ್ಮನ್‌ಗೆ ಮಾಡಿ, ಮೊಹರು ಹಾಕಿಸಿ, ದಾರ ಕಟ್ಟಿ ಇಟ್ಟಿದ್ದೆ."

9.40ಕ್ಕೆ ಎಫ್‌ಐಆರ್ ದಾಖಲಾಯಿತು. 10.15ಕ್ಕೆ ಬುರುಲ್ ಸಾರ್ಜೆಂಟ್ ಬಾಯಿಶ್‌ನನ್ನು ಕರೆದುಕೊಂಡು ಸ್ಥಳಕ್ಕೆ ಹೋದಳು. ಹಳೆಯ ಮರದ ಮನೆಯೊಂದರ ಮುಂಗೋಣೆ. ಒಂದು ಮೇಜು, ಒಂದು ಒಲೆ, ಗೋಡೆತುಂಬ ಕಪಾಟು. ಪಕ್ಕದ ಬ್ರೆಡ್ ಅಂಗಡಿಯವಳನ್ನೂ ಎದುರಿನ ಚಮ್ಮಾರನನ್ನೂ ಪಂಚರಾಗಿ ಕರೆಸಿ ಪಂಚನಾಮೆ ಶುರುಮಾಡಿದರು. ಬಾಗಿಲ ಬೀಗ ಸರಿಯಿತ್ತು. ಹಿಂದಿನ ಕಿಟಕಿಯ ಕೊಂಡಿ ಕಿತ್ತಿತ್ತು. ಆದರೆ ಕಿಟಕಿ ತೆರೆದಿರಲಿಲ್ಲ. ಯಾರೋ ಹೊರಗಿನಿಂದ ಅದನ್ನು ಚರ್ಮದ ಪಟ್ಟಿಯಿಂದ ಬಿಗಿದು ಕಟ್ಟಿಹೋಗಿದ್ದರು.

"ಕಳ್ಳ ಕಿಟಕಿ ಮುಚ್ಚಿ ಹೋಗ್ತಾನಾ ಎಜೆ?" ಎಂದ ಬಾಯಿಶ್. ಠಾಣೆಯಲ್ಲಿ ಅವನೊಬ್ಬನೇ ಬುರುಲ್‌ಳನ್ನು ಕ್ಯಾಪ್ಟನ್ ಅನ್ನದೆ ಅಕ್ಕ ಎಂದು ಕರೆಯುತ್ತಿದ್ದವನು.

"ರಾತ್ರಿ ಹಿಮ ಬೀಳ್ತಿತ್ತು. ಕಾಗದ ನೆನೀಬಾರದು ಅಂತ ಇರಬೇಕು."

ಬಾಯಿಶ್ ಗಂಟನ್ನು ಬಿಚ್ಚಲಿಲ್ಲ. ಬಗ್ಗಿ ಮೂಸಿ ನೋಡಿದ. "ಕುರಿಕೊಬ್ಬು ಸವರಿದ ಚರ್ಮ. ಗಂಟೂ ಪೇಟೆಯವರದ್ದಲ್ಲ. ನಮ್ಮಪ್ಪ ಹುಲ್ಲುಗಾವಲಿನಲ್ಲಿ ಕುದುರೆ ಕಾಲಿಗೆ ಹಾಕ್ತಿದ್ದದ್ದು ಇದೇ. ಕುದುರೆ ಎಷ್ಟು ಎಳೆದರೂ ಬಿಗಿಯಲ್ಲ, ಬಿಚ್ಚಲ್ಲ."

ಪಟ್ಟಿಯನ್ನು ಗಂಟಿನ ಸಮೇತ ಕತ್ತರಿಸಿ ಲಕೋಟೆಗೆ ಹಾಕಿ ಮೊಹರು ಮಾಡಿದರು. ಪಂಚರು ಸಹಿ ಹಾಕಿದರು.

12.30ಕ್ಕೆ ಇಲ್ಗಿಜ್‌ನ ಮನೆ. ಮೂವತ್ತೊಂದರ ಆಳು, ಚಹಾ ಕೊಡುವ ಸೌಜನ್ಯವೂ ಅವನಿಗೆ ಆ ಹೊತ್ತು ನೆನಪಾಗಲಿಲ್ಲ.

"ಯಾರ ಮೇಲಾದರೂ ಅನುಮಾನ?"

"ಊರಿನ ಮೇಲೇ ಅನುಮಾನ. ಹೆಂಡತಿ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು ಅಂತ ಆಡಿಕೊಳ್ಳದೋರು ಯಾರಿದಾರೆ?"

"ಫೈಲಿನಲ್ಲಿ ಏನಿತ್ತು?"

"ಮದುವೆ ಸರ್ಟಿಫಿಕೇಟು, ಹೋಟೆಲ್ ರಸೀದಿ, ಫೋನ್ ಕರೆಗಳ ಪಟ್ಟಿ, ನೂರ ಹದಿನಾಲ್ಕು ಫೋಟೋ. ಮೊದಲ ದಿನದಿಂದ ತೆಗೆದಿಟ್ಟಿದ್ದೆ. ಒಂದಲ್ಲ ಒಂದು ದಿನ ಕೇಳ್ತಾರೆ ಅಂತ ಗೊತ್ತಿತ್ತು."

"ಮೊದಲ ದಿನದಿಂದಲೇ?"

ಅವನು ಅವಳ ಮುಖ ನೋಡಿದ. "ಅವಳು ಇಷ್ಟಾನಾ ಇಲ್ಲವಾ ಅಂತ ನೀವಾದರೂ ಕೇಳ್ತೀರಿ ಅಂದುಕೊಂಡೆ. ವೀಸಾ ಕಚೇರಿಯಲ್ಲೂ ಯಾರೂ ಅದನ್ನ ಕೇಳಲ್ಲ. ಕಾಗದ ಕೇಳ್ತಾರೆ. ಕಾಗದ ಮಾಡಿದೀನಿ. ತಪ್ಪಾ?"

ಬುರುಲ್ ಅದನ್ನೂ ಹೇಳಿಕೆಯಲ್ಲಿ ಬರೆದುಕೊಂಡಳು.

ಮಧ್ಯಾಹ್ನ ಮೂರಕ್ಕೆ ಮತ್ತೆ ಭಾಷಾಂತರ ಕಚೇರಿ. ಗಿರಾಕಿಗಳ ರಿಜಿಸ್ಟರನ್ನು ಹಿಂದಿನಿಂದ ಓದುತ್ತ ಬಂದ ಬುರುಲ್‌ಳ ಬೆರಳು ಅಕ್ಟೋಬರ್ 29ರ ಸಾಲಿನಲ್ಲಿ ನಿಂತಿತು. ಮೆದೆರ್‌ಬೆಕ್, ಆಕ್‌ಸೂ ಹಳ್ಳಿ, ಕಸುಬು: ಕುದುರೆ ಸಾಕಣೆ.

"ಇವನು ಯಾಕೆ ಬಂದಿದ್ದ?"

ಲಿಡಿಯಾ ದಾವಿದೋವ್ನಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅವನ ಹೆಂಡತಿಯೂ ಅತ್ತ ಕಡೆಯವಳೇ. ಸ್ವೆನ್ಯಾ ಅಂತ. ದನದ ಡಾಕ್ಟರ ಹತ್ತಿರ ನರ್ಸು. ಇಲ್ಲಿ ಮೂರು ಬೇಸಿಗೆ ಅವನ ಜೊತೆ ಹುಲ್ಲುಗಾವಲಿನಲ್ಲಿ ಇದ್ದಳು. ಅವಳ ತಾಯಿಗೆ ಲಕ್ವ ಹೊಡೀತು, ವಾಪಸ್ ಹೋದಳು. ಮದುವೆ ನಿಜವಾದದ್ದಲ್ಲ ಅಂತ ಇವನಿಗೆ ವೀಸಾ ನಿರಾಕರಿಸಿದಾರೆ. ಆ ಪತ್ರ ಓದಿಸಿಕೊಳ್ಳೋಕೆ ಬಂದಿದ್ದ. ಓದಿದೆ. ಇನ್ನೊಂದ್ಸಲ ಓದಿ ಅಂದ. ಓದಿದೆ. ಆಮೇಲೆ, ಏನಿದ್ದರೆ ನಂಬ್ತಾರೆ ಅಂತ ಕೇಳಿದ."

"ನೀವೇನಂದ್ರಿ?"

"ಕಪಾಟಿನಲ್ಲಿದ್ದ ಇಲ್ಗಿಜ್‌ನ ಫೈಲು ತೋರಿಸಿದೆ. ಇಂಥದ್ದಿದ್ದರೆ ನಂಬ್ತಾರಪ್ಪ, ಅಂದೆ." ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ನನ್ನ ಬಾಯಿಗೆ ಏನು ಹೇಳಲಿ."

ಪತ್ರದ ನಕಲನ್ನು ಬುರುಲ್ ಠಾಣೆಗೆ ತಂದು, ಸಂಜೆ ಎಲ್ಲರೂ ಹೋದ ಮೇಲೆ ಓದಿದಳು. ಗಂಡಹೆಂಡಿರನ್ನು ಬೇರೆಬೇರೆ ಊರಿನಲ್ಲಿ ಕೂರಿಸಿ ಇಪ್ಪತ್ತಮೂರು ಪ್ರಶ್ನೆ ಕೇಳಿದ್ದರು. ಒಂಬತ್ತು ಉತ್ತರ ಹೊಂದಿರಲಿಲ್ಲ. ಹಾಸಿಗೆಯ ಯಾವ ಬದಿ ಯಾರದು? ಹೆಂಡತಿ: ನನ್ನದು ಎಡಗಡೆ. ಗಂಡ: ಅವಳದು ಒಲೆಯ ಕಡೆ, ನನ್ನದು ಬಾಗಿಲ ಕಡೆ. ಹೆಂಡತಿಯ ಹಲ್ಲುಜ್ಜುವ ಬ್ರಶ್ಶಿನ ಬಣ್ಣ? ಹೆಂಡತಿ: ಹಸಿರು. ಗಂಡ: ಗೊತ್ತಿಲ್ಲ. ಮದುವೆಯ ಊಟಕ್ಕೆ ಎಷ್ಟು ಜನ? ಹೆಂಡತಿ: ಊಟ ಇರಲಿಲ್ಲ. ಗಂಡ: ನಾವಿಬ್ಬರೇ. ಒಟ್ಟಿಗಿರುವ ಫೋಟೋ: ಎರಡು, ಒಂದರಲ್ಲಿ ಗಂಡನ ಮುಖ ಕುದುರೆಯ ಹಿಂದೆ ಮರೆಯಾಗಿದೆ.

ಬುರುಲ್‌ಳ ಗಂಡ ದೂರದ ಯಾಕುತ್ಸ್ಕ್‌ನಲ್ಲಿ ಲಾರಿ ಓಡಿಸಲು ಹೋಗಿ ನಾಲ್ಕು ವರ್ಷವಾಗಿತ್ತು. ಭಾನುವಾರಗಳಲ್ಲಿ ಫೋನ್ ಮಾಡುತ್ತಿದ್ದ. ಅವನು ಯಾವ ಬದಿ ಮಲಗುತ್ತಿದ್ದ ಎಂದು ನೆನಪು ಮಾಡಿಕೊಳ್ಳಲು ನೋಡಿದಳು. ಬರಲಿಲ್ಲ. ಈಗ ಅವಳು ಹಾಸಿಗೆಯ ನಡುವೆ ಮಲಗುತ್ತಿದ್ದಳು. ಅವಳು ದೀಪ ಆರಿಸಿ ಮನೆಗೆ ಹೋದಳು.

13ನೇ ತಾರೀಖು ಬೆಳಿಗ್ಗೆ ನ್ಯಾಯಾಧೀಶರಿಂದ ಶೋಧನಾ ವಾರಂಟ್ ಸಿಕ್ಕಿತು. 11.20ಕ್ಕೆ ಜೀಪು ಆಕ್‌ಸೂ ತಲುಪಿತು. ಮೆದೆರ್‌ಬೆಕ್ ಲಾಯದಲ್ಲಿ ಕರಿ ಹೆಣ್ಣುಕುದುರೆಯ ಗೊರಸು ಕೆರೆಯುತ್ತಿದ್ದ. ನಲವತ್ತರ ಆಸುಪಾಸು, ಬಿಸಿಲಿಗೂ ಚಳಿಗೂ ಕಪ್ಪಿಟ್ಟ ಮುಖ. ಸಮವಸ್ತ್ರ ನೋಡಿ ಕುದುರೆಯ ಕಾಲನ್ನು ನಿಧಾನವಾಗಿ ಕೆಳಗಿಟ್ಟ.

"ಸೋಮವಾರ ರಾತ್ರಿ ಎಲ್ಲಿದ್ದಿರಿ ಬೈಕೆ?" ಬಾಯಿಶ್ ಕೇಳಿದ. ವಯಸ್ಸಿಗೆ ಮರ್ಯಾದೆ ಕೊಟ್ಟು ಅಣ್ಣ ಎಂದೇ ಕರೆದ.

"ಪೇಟೆಯಲ್ಲಿ."

"ಎಲ್ಲಿ?"

"ಒಳಗಿದೆ. ಹಾಸಿಗೆ ಪೆಟ್ಟಿಗೆ ಮೇಲೆ. ಏನೂ ಹಾಳಾಗಿಲ್ಲ."

ಕಡತ ಒಗೆದ ಬಿಳಿ ಬಟ್ಟೆಯಲ್ಲಿ ಸುತ್ತಿ ಇಟ್ಟಿತ್ತು. ಲಿಡಿಯಾ ದಾವಿದೋವ್ನಾ ಕಟ್ಟಿದ ದಾರವನ್ನು ಬಿಚ್ಚಿ ಹಾಗೆಯೇ ಮತ್ತೆ ಕಟ್ಟಿದ್ದ. ಪಂಚರ ಎದುರು ಎಣಿಸಿದಾಗ ಫೋಟೋಗಳು ನೂರ ಹದಿನಾಲ್ಕೂ ಇದ್ದವು. ಪಕ್ಕದಲ್ಲಿ ಒಂದು ಶಾಲೆಯ ನೋಟ್‌ಬುಕ್. ಅವನು ಒಂದೊಂದೇ ಫೋಟೋ ನೋಡಿ ಅದರ ವಿವರ ಬರೆದು, ಕೆಳಗೆ ತನ್ನದನ್ನೂ ಬರೆದಿದ್ದ. ಬುರುಲ್ ನಿಂತಲ್ಲೇ ಓದಿದಳು.

'ಏಳು. ಹೆಂಡತಿಯ ಹುಟ್ಟುಹಬ್ಬ, ಇಬ್ಬರೂ ಕೇಕ್ ಕತ್ತರಿಸುತ್ತಿದ್ದಾರೆ. ನಮ್ಮದು: ಅವತ್ತು ಕರಿಕುದುರೆ ಮರಿ ಹಾಕಿತು. ಹಿಂಗಾಲು ಮೊದಲು ಬಂತು. ಅವಳ ತೋಳು ಭುಜದ ತನಕ ರಕ್ತ. ಮರಿ ಬದುಕಿತು. ಫೋಟೋ ಇಲ್ಲ.'

'ಹತ್ತೊಂಬತ್ತು. ಸರೋವರದ ದಂಡೆ, ಕೈ ಹಿಡಿದುಕೊಂಡಿದ್ದಾರೆ. ನಮ್ಮದು: ಹೊಳೆ ದಾಟುವಾಗ ಹಿಡಿದಿದ್ದು. ಅವಳ ಫೋನು ಅಲ್ಲೇ ಬಿದ್ದುಹೋಯಿತು. ಫೋಟೋ ಇಲ್ಲ.'

'ಮೂವತ್ತೆರಡು. ಒಂದೇ ಥರದ ಟೋಪಿ. ನಮ್ಮದು: ಒಂದೇ ಟೋಪಿ ಇತ್ತು.'

ನಲವತ್ತಾರರ ತನಕ ಬರೆದು ನಿಲ್ಲಿಸಿದ್ದ.

"ಇದನ್ನ ಏನು ಮಾಡೋಕಿದ್ರಿ?" ಬುರುಲ್ ಕೇಳಿದಳು.

"ಗೊತ್ತಿಲ್ಲ. ಮದುವೆ ಅಂದರೆ ಅವರಿಗೆ ಹೇಗೆ ಕಾಣಬೇಕು ಅಂತ ನೋಡಬೇಕಿತ್ತು. ನೋಡಿ, ಗುರುವಾರದೊಳಗೆ ಅಲ್ಲೇ ವಾಪಸ್ ಇಡ್ತಿದ್ದೆ. ಶುಕ್ರವಾರ ಅವನಿಗೆ ಬೇಕಲ್ಲ."

"ಕೇಳಿದ್ರೆ ಅವನೇ ತೋರಿಸ್ತಿದ್ದ."

"ಏನಂತ ಕೇಳಲಿ?" ಅಂದ ಮೆದೆರ್‌ಬೆಕ್.

12.05ಕ್ಕೆ ದಸ್ತಗಿರಿ. ಹೊರಡುವ ಮುಂಚೆ ಪಕ್ಕದ ಮನೆಯವನನ್ನು ಕೂಗಿ ಕುದುರೆಗೆ ನೀರು ಯಾವಾಗ ಇಡಬೇಕು ಎಂದು ಎರಡೆರಡು ಸಲ ಹೇಳಿದ.

3.30ಕ್ಕೆ ಇಲ್ಗಿಜ್ ಬಂದು ಕಡತ ಗುರುತಿಸಿದ. ನಕಲು ತೆಗೆದುಕೊಂಡು, ರಸೀದಿ ಬರೆಸಿ, ಮೂಲವನ್ನು ಅವನಿಗೆ ಬಿಟ್ಟುಕೊಟ್ಟರು. ಬುರುಲ್ ನೋಟ್‌ಬುಕ್ಕನ್ನು ಅವನ ಮುಂದೆ ತಳ್ಳಿದಳು.

"ರಾಜಿ ಆಗೋಕೆ ಕಾನೂನಿನಲ್ಲಿ ಅವಕಾಶ ಇದೆ. ಕೇಸು ನಡೆದರೆ ಅವನಿಗೆ ವೀಸಾ ಇನ್ನು ಕನಸೇ."

ಇಲ್ಗಿಜ್ ಎರಡು ಪುಟ ಓದಿದ. ಮೂರನೆಯದನ್ನು ತಿರುವಲಿಲ್ಲ.

"ಒಳ್ಳೆಯವನೇ ಇರಬಹುದು. ಆದರೆ ಎಜೆ, ಎರಡು ದಿನ ನನ್ನ ಜೀವ ಬಾಯಿಗೆ ಬಂದಿತ್ತು. ಆ ತಾರೀಖು ತಪ್ಪಿದ್ದರೆ ಅವಳು ಇನ್ನೊಂದು ವರ್ಷ ಕಾಯ್ತಾಳೆ ಅಂತ ನನಗೆ ನಂಬಿಕೆ ಇಲ್ಲ." ಎದ್ದ. "ಇವನಿಗಾದರೆ ಆ ನಂಬಿಕೆ ಇದೆ. ಬರೀರಿ, ರಾಜಿ ಬೇಡ."

ಕಡತವನ್ನು ಕೋಟಿನೊಳಗೆ ಇಟ್ಟುಕೊಂಡು ಹೋದ.

ಸಂಜೆ 4.50. ಹೇಳಿಕೆಗೆ ಸಹಿ ಹಾಕುವ ಮುಂಚೆ ಮೆದೆರ್‌ಬೆಕ್ ಗೋಡೆಯ ಗಡಿಯಾರ ನೋಡಿದ.

"ಐದಕ್ಕೆ ಅವಳು ಫೋನ್ ಮಾಡ್ತಾಳೆ. ಅಲ್ಲಿ ಆಗ ಮಧ್ಯಾಹ್ನ, ಊಟದ ಬಿಡುವು. ಎತ್ತದಿದ್ದರೆ ಕುದುರೆ ಒದ್ದಿದೆ ಅಂದುಕೊಳ್ತಾಳೆ."

ಫೋನು ಸಾಮಾನಿನ ಚೀಲದಲ್ಲಿ ಮೊಹರಾಗಿತ್ತು. ಬುರುಲ್ ಮೊಹರು ಒಡೆದಳು. "ಜೋರಾಗಿ ಕೇಳೋ ಹಾಗೆ ಇಡಿ. ನಿಯಮ."

ಐದು ದಾಟಿ ನಾಲ್ಕು ನಿಮಿಷಕ್ಕೆ ಅದು ರಿಂಗಾಯಿತು. ಹೆಂಗಸಿನ ಧ್ವನಿ ಅರ್ಧ ರಷ್ಯನ್, ಅರ್ಧ ಕಿರ್ಗಿಜ್‌ನಲ್ಲಿತ್ತು.

"ಕರಿಯಮ್ಮ ಗೊರಸು ಕೊಟ್ಟಳಾ?"

"ಮೂರು ಕೊಟ್ಟಳು. ನಾಲ್ಕನೇದು ನಾಳೆ."

"ಹಿಂದಿನ ಎಡಗಾಲು ತಾನೇ? ನಿನ್ನ ಕೈಲಿ ಕೊಡಲ್ಲ ಅವಳು. ಹಾಡು ಹೇಳಬೇಕು."

"ನನ್ನ ಹಾಡಿಗೆ ಒದೀತಾಳೆ."

ಅತ್ತ ನಗು. "ಔಷಧಿ ಕುಡಿದೆಯಾ? ಕೆಮ್ಮು?"

"ಕಮ್ಮಿ."

"ಎಲ್ಲಿದೀಯ? ಧ್ವನಿ ಡಬ್ಬದೊಳಗಿಂದ ಬಂದ ಹಾಗಿದೆ."

"ಪೇಟೆಗೆ ಬಂದೆ. ಸ್ವಲ್ಪ… ಕೆಲಸ ಇತ್ತು."

"ಮೆದೆರ್, ಸುಳ್ಳು ಹೇಳುವಾಗ ನೀನು ನಿಧಾನ ಮಾತಾಡ್ತೀಯ."

ಅವನು ಮೇಜಿನ ಅಂಚು ಹಿಡಿದುಕೊಂಡ. ಆಮೇಲೆ ಹೇಳಿದ. ಕಿಟಕಿ, ಕಡತ, ನೋಟ್‌ಬುಕ್, ಠಾಣೆ, ಎಲ್ಲ. ಕೇಸು ನಡೆಯುತ್ತೆ ಅಂದ. ಇನ್ನು ನಾನು ಅಲ್ಲಿಗೆ ಬರೋದು ಆಗದ ಮಾತು ಅಂದ. ಅಮ್ಮನನ್ನ ಬಿಟ್ಟು ನೀನೂ ಬರಬೇಡ ಅಂದ.

ಅತ್ತಲಿಂದ ಉತ್ತರ ಬರಲಿಲ್ಲ. ಕರೆ ಕಡಿದಿರಲಿಲ್ಲ. ದೂರದಲ್ಲಿ ಎಲ್ಲೋ ನಾಯಿ ಬೊಗಳುವುದು, ಯಾರೋ ಬಾಗಿಲು ಹಾಕುವುದು, ಹತ್ತಿರದಲ್ಲಿ ಉಸಿರು. ಅವನೂ ಏನೂ ಮಾತಾಡಲಿಲ್ಲ. ಬಾಯಿಶ್ ಹೊರಗೆ ಹೋಗಿ ನಿಂತ. ಫೋನಿನ ಮೇಲೆ ನಿಮಿಷಗಳು ಒಂದಾದ ಮೇಲೊಂದು ಬದಲಾದವು. ಕೊನೆಗೆ ಅತ್ತ ಯಾರೋ ಅವಳನ್ನು ಕೂಗಿದರು.

"ಬಿಡುವು ಮುಗೀತು," ಎಂದಳು. "ನಾಳೆ ಇದೇ ಹೊತ್ತಿಗೆ. ಆ ಅಧಿಕಾರಿಗೆ ಹೇಳು."

ಅವನನ್ನು ಒಳಗೆ ಕಳಿಸಿದ ಮೇಲೆ ಬುರುಲ್ ವರದಿ ಮುಗಿಸಲು ಕುಳಿತಳು. ಕೃತ್ಯದ ಕಾರಣ ಎಂಬ ಜಾಗದಲ್ಲಿ ಬರೆದಳು: 'ತನ್ನ ಮದುವೆಯನ್ನು ನಂಬಿಸಲು ಏನು ಬೇಕೆಂದು ತಿಳಿಯುವುದಕ್ಕಾಗಿ. ಲಾಭದ ಉದ್ದೇಶ ಕಂಡುಬಂದಿಲ್ಲ.' ಹೊಸ ಸಾಲಿನಲ್ಲಿ ಮುಂದುವರಿಸಿದಳು: 'ಆರೋಪಿಯು ಸಂಜೆ 5.04ರಿಂದ 5.31ರವರೆಗೆ, ತನಿಖಾಧಿಕಾರಿಯ ಸಮ್ಮುಖದಲ್ಲಿ, ಹೆಂಡತಿಯೊಡನೆ ಫೋನಿನಲ್ಲಿ ಇದ್ದನು. ಇದರಲ್ಲಿ ಹನ್ನೊಂದು ನಿಮಿಷ ಇಬ್ಬರೂ ಮಾತನಾಡಲಿಲ್ಲ. ಇಬ್ಬರೂ ಫೋನ್ ಇಡಲಿಲ್ಲ.'

ಬಾಯಿಶ್ ಭುಜದ ಮೇಲಿನಿಂದ ಬಗ್ಗಿ ಓದಿದ.

"ಇದು ಕೇಸಿಗೆ ಬೇಕಾ ಎಜೆ?"

"ಬೇಡ," ಎಂದಳು ಬುರುಲ್. ಅದರ ಕೆಳಗೆ ತಾರೀಖು ಹಾಕಿ, ಸಹಿ ಮಾಡಿ, ಠಾಣೆಯ ಮೊಹರು ಒತ್ತಿದಳು.