ಈ ಹೆಡ್‌ಸೆಟ್‌ನಲ್ಲಿ ಏನೋ ದೋಷವಿದೆ

"ಮೆಟ್ಟಿಲು ನುಂಗಿದೋರು ಯಾರ್ರೀ ಇಲ್ಲಿ?"

ತಾಂತ್ರಿಕ ವಿಭಾಗದ ಬಾಗಿಲು ಗೋಡೆಗೆ ಬಡಿದ ಸದ್ದಿಗೆ ಒಳಗಿದ್ದ ನಾಲ್ವರೂ ತಲೆ ಎತ್ತಿದರು. ಬಂದವಳ ಮುಖ ನೋಡಿದ್ದೇ ತಡ, ಮೂವರು ಘನವಾದ ಕೆಲಸದಲ್ಲಿ ಮುಳುಗಿಹೋದರು. ಕೊರಳಿಗೆ ವೈರುಗಳನ್ನು ಹಾರದಂತೆ ಹಾಕಿಕೊಂಡಿದ್ದ ನಾಲ್ಕನೆಯವನಿಗೆ ಮಾತ್ರ ಅಷ್ಟು ಲೋಕಜ್ಞಾನವಿರಲಿಲ್ಲ.

"ಯಾವ ಮೆಟ್ಟಿಲು?" ಎಂದ.

"ಮೂರನೇ ಮಾದರಿ ಮನೇಲಿ ಐದನೇ ಮೆಟ್ಟಿಲೇ ಇಲ್ಲ! ಗಿರಾಕಿಗಳ ಮುಂದೆ ದೊಪ್ಪಂತ ಬಿದ್ದೆ... ಗೊತ್ತಾ ನಿಮಗೆ?"

"ಆದ್ರೆ ಮೇಡಂ, ನೀವು ನಿಂತಿದ್ದ ನೆಲ ಸಪಾಟಾಗೇ ಇರುತ್ತಲ್ಲ? ಬೀಳೋ ಹಾಗೇ ಇಲ್ಲ..."

"ಬಿದ್ದೆ ಅಂತಿದ್ದೀನಲ್ಲ! ನೋಡಿ, ಮೊಣಕೈ!"

ಅವನು ನೋಡಿದ. ಚರ್ಮ ತರಚಿತ್ತು. ಲೆನ್ಸು ಒರೆಸುವ ಒದ್ದೆ ಕಾಗದವೊಂದನ್ನು ಚಾಚಿದ.

"ಸ್ಪಿರಿಟ್ ಇದೆ ಇದರಲ್ಲಿ. ಸ್ವಲ್ಪ ಉರಿಯುತ್ತೆ."

"ನನಗೆ ಆಗಲೇ ಉರೀತಿದೆ!"

ಆ ಸಂಸ್ಥೆಯವರು ಮಾರುತ್ತಿದ್ದುದು ಇನ್ನೂ ಕಟ್ಟದ ಮನೆಗಳನ್ನು. ಗಿರಾಕಿಯ ಮುಖಕ್ಕೆ ಹೆಡ್‌ಸೆಟ್ ಕಟ್ಟಿದರೆ ಖಾಲಿ ಹಾಲ್ ಮಾಯವಾಗಿ ಅಲ್ಲೊಂದು ಮನೆ ಎದ್ದು ನಿಲ್ಲುತ್ತಿತ್ತು. ತಾನೂ ಒಂದನ್ನು ಕಟ್ಟಿಕೊಂಡು, "ಬನ್ನಿ, ಇದು ನಿಮ್ಮ ಅಡುಗೆಮನೆ" ಎಂದು ಗಿರಾಕಿಗಳನ್ನು ಕರೆದೊಯ್ಯುವುದು ಅವಳ ಕೆಲಸ. ಆಫೀಸು ಅವಳಿಗಿಟ್ಟ ಹೆಸರು 'ಗುಡುಗು'. ಮನೆಗಳನ್ನು ಕಂಪ್ಯೂಟರಿನೊಳಗೆ ಕಟ್ಟುತ್ತಿದ್ದ ಅವನಿಗೆ 'ತಂತಿ'.

ಮೆಟ್ಟಿಲಿನ ಪ್ರಕರಣವಾದ ಮೇಲೆ ಒಂದು ಹೊಸ ಪದ್ಧತಿ ಬಂತು. ದಿನಾ ಬೆಳಿಗ್ಗೆ, ಗಿರಾಕಿಗಳು ಬರುವ ಮುಂಚೆ, ಇಬ್ಬರೂ ಹೆಡ್‌ಸೆಟ್ ಹಾಕಿಕೊಂಡು ಮನೆಗಳನ್ನೆಲ್ಲ ಸುತ್ತಿ ಪರೀಕ್ಷಿಸಬೇಕು.

ಹೆಡ್‌ಸೆಟ್‌ನ ಒಳಗೆ ಅವನಿಗೆ ಕಾಲುಗಳಿರಲಿಲ್ಲ! ಬೂದಿ ಬಣ್ಣದ ಒಂದು ತಲೆ, ಗಾಳಿಯಲ್ಲಿ ತೇಲುವ ಎರಡು ಕೈ. ಮೊಟ್ಟೆಗೆ ಕೈ ಮೂಡಿದ ಹಾಗೆ. ಇಂಥದ್ದನ್ನು ನೋಡಿ ಯಾವ ಹೆಣ್ಣಿನ ಎದೆಯಾದರೂ ಹೊಡೆದುಕೊಂಡೀತೇ?

ಹೊಡೆದುಕೊಂಡಿತು. ಎದೆಗೆ ವಿವೇಚನೆ ಎಲ್ಲಿರುತ್ತದೆ!

ಆ ಕೈಗಳು ಬಾಗಿಲನ್ನು ತೆರೆಯುವ ಮುನ್ನ ಒಂದು ಕ್ಷಣ ತಡೆಯುತ್ತಿದ್ದವು, ಒಳಗೆ ಯಾರೋ ಮಲಗಿದ್ದಾರೇನೋ ಎಂಬಂತೆ. ಇಲ್ಲದ ಮನೆಯಲ್ಲಿ, ಇಲ್ಲದವರ ನಿದ್ದೆಗೂ ಮರ್ಯಾದೆ ಕೊಡುವ ಮನುಷ್ಯ...

"ಇಲ್ಲಿ ಯಾರಾದ್ರೂ ವಾಷಿಂಗ್ ಮೆಷಿನ್ ಇಡ್ತಾರೇನ್ರೀ? ಬಾಗಿಲು ತೆಗೆದ್ರೆ ಮಂಚಕ್ಕೆ ಬಡಿಯುತ್ತೆ!" ಎಂದು ಒಂದು ದಿನ ರೇಗಿದಳು.

"ಹೌದಲ್ಲ! ಮತ್ತೆ ಎಲ್ಲಿಡೋಣ?"

ಇಡೋಣ!

'ಎಲ್ಲಿಡಲಿ' ಅನ್ನಬಹುದಿತ್ತು. 'ಎಲ್ಲಿಡಬೇಕು' ಅನ್ನಬಹುದಿತ್ತು. ಈ ಪುಣ್ಯಾತ್ಮ 'ಇಡೋಣ' ಅಂದುಬಿಟ್ಟ! ಸದ್ಯ, ಮುಖದ ಮೇಲೆ ಡಬ್ಬಿ ಇದೆ, ಕೆನ್ನೆ ಕೆಂಪಾದದ್ದು ಯಾರಿಗೂ ಕಾಣುವುದಿಲ್ಲ ಎಂದು ಸಮಾಧಾನಪಟ್ಟುಕೊಂಡಳು.

ಅಲ್ಲೇ ಅವಳು ಎಡವಿದ್ದು.

ಕೆಲವು ದಿನಗಳ ನಂತರ ಅವನು ಬಂದು, ಅವಳ ಮುಖ ನೋಡದೆ, "ಮೇಡಂ, ನಿಮ್ಮ ಹೆಡ್‌ಸೆಟ್‌ನಲ್ಲಿ ಏನೋ ದೋಷ ಇದೆ. ಬದಲಾಯಿಸ್ತೀನಿ," ಎಂದ.

"ನನಗೇನೂ ಕಾಣಲಿಲ್ಲವಲ್ಲ?"

"ಇದೆ... ನಿಮಗೆ ಗೊತ್ತಾಗಲ್ಲ."

ಬದಲಾಯಿಸಿದ. ಮುಂದಿನ ವಾರ ಬಂದು ಮತ್ತೆ ಬದಲಾಯಿಸಿದ. ಒಂಬತ್ತು ಮಾತಿಗೆ ಒಂದು ಮಾತಾಡುವ ಮನುಷ್ಯ ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ಆಮೇಲೆ ಬಂತು ಆ ಮೀಟಿಂಗು.

ಮಾರಾಟದ ಮುಖ್ಯಸ್ಥನಿಗೆ ತನ್ನ ಹಾಸ್ಯಪ್ರಜ್ಞೆಯ ಮೇಲೆ ಅಪಾರ ನಂಬಿಕೆ. ಇಡೀ ಆಫೀಸನ್ನು ಕೂರಿಸಿ, ಗೋಡೆಯ ಮೇಲೆ ಮೂರನೇ ಮಾದರಿ ಮನೆಯ ನಕ್ಷೆ ಮೂಡಿಸಿದ. ಹೆಡ್‌ಸೆಟ್ ಒಳಗಿನ ಪುಟ್ಟ ಕ್ಯಾಮೆರಾಗಳು ಹಾಕಿಕೊಂಡವರ ಕಣ್ಣು ಎಲ್ಲಿ ನೆಟ್ಟಿದೆ ಎಂಬುದನ್ನು ಸದಾ ಬರೆದುಕೊಳ್ಳುತ್ತವೆ ಎಂದು ವಿವರಿಸಿದ.

"ನೀಲಿ ಅಂದ್ರೆ ನೋಡಲಿಲ್ಲ. ಕೆಂಪು ಅಂದ್ರೆ ಕಣ್ಣು ಕೀಳಲಿಲ್ಲ. ಈಗ ನೋಡಿ ಮಜಾ!"

ಮನೆಯೆಲ್ಲ ನೀಲಿ. ಅಡುಗೆಮನೆ ನೀಲಿ, ಕೋಣೆ ನೀಲಿ. ಒಂದೇ ಒಂದು ಕೆಂಪು ಮಚ್ಚೆ. ಅದು ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಮೆಟ್ಟಿಲಿಗೆ ಮೆಲ್ಲನೆ ಓಡಾಡುತ್ತಿತ್ತು!

"ಮಚ್ಚೆಗೆ ಕಾಲು ಬಂತಾ ಅಂತೀರಾ? ಇಲ್ಲ, ಅಲ್ಲಿ ಓಡಾಡ್ತಿರೋದು ನಮ್ಮ ತಂತಿ! ನೋಡ್ತಿರೋರು ಯಾರು ಅಂತ ನಾನು ಬಾಯಿ ಬಿಡಲ್ಲಪ್ಪ... ಆದ್ರೆ ಇತ್ತೀಚೆಗೆ ಆಫೀಸಲ್ಲಿ ಗುಡುಗು ಕಮ್ಮಿ, ಮಿಂಚು ಜಾಸ್ತಿ!"

ಹಾಲ್ ತುಂಬ ನಗು. ಮೇಜು ಬಡಿದು ನಕ್ಕರು.

ಅವಳು ಎದ್ದಳು.

"ನನ್ನನ್ನೂ ಬರೆದಿಟ್ಕೊಳ್ತಿದ್ರಾ?"

"ಕೆಲಸಕ್ಕೆ ಸೇರುವಾಗ ನೀನೇ ಸಹಿ ಹಾಕಿದ್ದೀಯಲ್ಲಮ್ಮ. ತಮಾಷೆನ ತಮಾಷೆಯಾಗಿ ತಗೋ."

"ಇದನ್ನ ನಿಮಗೆ ಕೊಟ್ಟಿದ್ದು ಯಾರು?"

"ಇನ್ಯಾರು? ತಂತಿನೇ ತಂದು ತೋರಿಸಿದ್ದು!"

ಅವಳು ತಿರುಗಿದಳು. ಹಿಂದಿನ ಸಾಲಿನಲ್ಲಿ ಅವನು ಎದ್ದು ನಿಂತಿದ್ದ. ಮುಖ ಸುಣ್ಣವಾಗಿತ್ತು.

"ಮೇಡಂ... ಅದು ಹಾಗಲ್ಲ..."

"ತೋರಿಸಿದ್ದು ನೀವೇನಾ? ಹೌದೋ, ಅಲ್ವೋ?"

"ಹೌದು. ಆದ್ರೆ..."

"ಸಾಕು!"

ತನ್ನ ಹೆಡ್‌ಸೆಟ್ಟನ್ನು ಅವನ ಎದೆಗೆ ಒತ್ತಿ, ಕೆಲಸವನ್ನೇ ಬಿಟ್ಟು ಹೊರಟೇಹೋದಳು.

ಅವಳ ಅಕ್ಕ ದರ್ಜಿ. ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡೇ ಸಂಸಾರದ ಸಮಸ್ತ ವಿಷಯಗಳನ್ನೂ ಮಾತಾಡಬಲ್ಲವಳು. ಎಲ್ಲವನ್ನೂ ಕೇಳಿ, "ಅಲ್ವೇ, ನೋಡಿದ್ದು ತಪ್ಪೇನೇ? ಚೆನ್ನಾಗಿದ್ದಾನೆ, ನೋಡ್ದೆ. ಮುಗೀತಪ್ಪ," ಎಂದಳು.

"ನೋಡಿದ್ದು ತಪ್ಪಲ್ಲ ಅಕ್ಕ! ಅದನ್ನ ಹೇಳೋದೋ ಬಿಡೋದೋ ನನಗೆ ಬಿಟ್ಟಿದ್ದಾಗಿತ್ತು. ಯಾವತ್ತೋ ಒಂದಿನ, ಧೈರ್ಯ ಬಂದಾಗ, ನನ್ನ ಬಾಯಿಂದ ಬರಬೇಕಾದ ಮಾತು... ಅದನ್ನ ಬಣ್ಣ ಹಚ್ಚಿ ಗೋಡೆ ಮೇಲೆ ಹಾಕಿಬಿಟ್ರು! ನಾನಿನ್ನು ಏನು ಹೇಳಿದ್ರೂ ಅದು ಅವರು ಹೇಳಿ ಮುಗಿಸಿದ ಮಾತೇ ಅಲ್ವಾ?"

ಅಕ್ಕ ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟಳು. ಅದು ಅಪರೂಪಕ್ಕೆ ಸಲ್ಲುವ ಗೌರವ.

"ಹಾಗಿದ್ರೆ ಇಲ್ಲಿ ಕೂತು ಅಳಬೇಡ. ಹೋಗಿ ವಾಪಸ್ ಕೇಳು."

ಕೇಳಿದಳು. ನನ್ನ ನೋಟವನ್ನು ಅಳಿಸಿಹಾಕಿ ಎಂದಳು. 'ಕೆಲಸದ ವೇಳೆಯ ನೋಟ ಸಂಸ್ಥೆಯ ಸ್ವತ್ತು' ಎಂದು ಉತ್ತರ ಬಂತು. ಸ್ವತ್ತು! ಕಣ್ಣು ನನ್ನದು, ರೆಪ್ಪೆ ನನ್ನದು, ನೋಟ ಮಾತ್ರ ಇವರದ್ದು!

ಅವನು ದಿನಾ ಫೋನ್ ಮಾಡುತ್ತಿದ್ದ. ಅವಳು ಎತ್ತಲಿಲ್ಲ. ಫೋನು ಸುಮ್ಮನಾದಾಗ, ಯಾಕೆ ಸುಮ್ಮನಾಯಿತು ಎಂದೂ ಸಿಟ್ಟು ಬರುತ್ತಿತ್ತು.

ಆ ದಿನಗಳಲ್ಲೇ ಹೆಡ್‌ಸೆಟ್‌ಗಳ ಬಗ್ಗೆ ಹೊಸ ನಿಯಮ ಬರೆಯಲು ಸರ್ಕಾರದ ಸಮಿತಿಯೊಂದು ಸಾರ್ವಜನಿಕರ ಅಹವಾಲು ಕೇಳುತ್ತಿತ್ತು. ಅವಳು ಹೆಸರು ಕೊಟ್ಟಳು. ಸಂಸ್ಥೆ ತನ್ನ ಪರವಾಗಿ ಒಬ್ಬ ವಕೀಲರನ್ನೂ, ಯಂತ್ರದ ವಿಷಯ ವಿವರಿಸಲು ಒಬ್ಬ ಎಂಜಿನಿಯರನ್ನೂ ಕಳಿಸಿತು. ಆ ಎಂಜಿನಿಯರ್ ಯಾರೆಂದು ಬೇರೆ ಹೇಳಬೇಕೇ? ಅಂದು ಅವನ ಕೊರಳಲ್ಲಿ ವೈರುಗಳಿರಲಿಲ್ಲ. ಬರೀ ಕೊರಳು ನೋಡಿ ಅವಳಿಗೆ ಯಾಕೋ ಇನ್ನಷ್ಟು ಕೋಪ ಬಂತು.

'ಬಂದನಲ್ಲ, ಇವರ ಪರವಾಗಿ...'

ಮೊದಲು ಅವಳೇ ಮಾತಾಡಿದಳು. ಗಿರಾಕಿಗಳ ವಿಷಯದಿಂದ ಶುರು ಮಾಡಿದಳು.

"ಮನೆ ನೋಡೋಕೆ ಬಂದ ಹೆಂಗಸು ಕಿಟಕಿ ಹತ್ರ ನಿಂತರೆ, ನನ್ನ ಕಿವೀಲಿ ಯಂತ್ರ ಉಸುರುತ್ತೆ: ಇವರಿಗೆ ಕಿಟಕಿ ಹಿಡಿಸಿದೆ, ಬೆಲೆ ಇಳಿಸಬೇಡ. ಆಯಮ್ಮ ಬಾಯಿಬಿಟ್ಟು ಏನೂ ಹೇಳಿರಲ್ಲ! ವ್ಯಾಪಾರ ಅಂದ್ರೆ ಇದೇ ಅಂದ್ಕೊಂಡು ನಾನೂ ಮಾಡಿದೆ. ಅದೇ ಕಣ್ಣು ನನ್ನ ಮೇಲೂ ಇತ್ತು ಅಂತ ಗೋಡೆ ಮೇಲೆ ನೋಡಿದಾಗ ಗೊತ್ತಾಯ್ತು. ನನಗೆ ಬೇಕಾಗಿರೋದು ಇಷ್ಟೇ. ನನ್ನ ನೋಟ ನನಗೆ ವಾಪಸ್ ಬೇಕು!"

ವಕೀಲರು ಎದ್ದು ಕೋಟು ಎಳೆದುಕೊಂಡರು. "ನೋಟ ಎಂಬುದು ಗಾಳಿಯ ಹಾಗೆ. ಅದಕ್ಕೆ ಒಡೆಯರಿರುವುದಿಲ್ಲ."

ಸಮಿತಿಯ ಅಧ್ಯಕ್ಷೆ ವಯಸ್ಸಾದ ಹೆಂಗಸು. ಕನ್ನಡಕದ ಮೇಲಿನಿಂದ ನೋಡುವ ಅಭ್ಯಾಸ. "ಹಾಗಾದ್ರೆ ಗಾಳೀನ ಇಷ್ಟು ಜೋಪಾನವಾಗಿ ಯಾಕೆ ಕೂಡಿಟ್ಟಿದ್ದೀರಿ?" ಎಂದು ಕೇಳಿದರು.

ಸಭೆಯಲ್ಲಿ ಕಿಸಕ್ಕೆಂದರು. ವಕೀಲರು ಕೆಂಪಾಗಿ, ತಂತಿಯ ಕಡೆ ತಿರುಗಿದರು.

"ಆ ದಿನ ತೋರಿಸಿದ್ದು ಬರೀ ತಮಾಷೆಯ ಚಿತ್ರ. ಅದರಲ್ಲಿ ಏನಿತ್ತು ಅಂತ ಸಮಿತಿಗೆ ಹೇಳಿ."

ಅವನು ಎದ್ದು ನಿಂತ. ಅವಳು ಉಗುರುಗಳನ್ನು ಅಂಗೈಗೆ ಒತ್ತಿ ಹಿಡಿದಳು. ಹೇಳು, ಇಲ್ಲೂ ಹೇಳು! ಆಫೀಸಿನವರು ನಕ್ಕಿದ್ದು ಸಾಲದು, ಊರೆಲ್ಲ ನಗಲಿ!

"ಹೇಳಲ್ಲ," ಎಂದ.

"ಏನು?"

"ಅದು ಅವರ ನೋಟ ಸಾರ್. ಅವರು ಹೇಳಿದ್ರೆ ಕೇಳಬಹುದು, ಹೇಳದಿದ್ರೆ ಇಲ್ಲ. ಅದನ್ನ ತೆಗೆದು ನೋಡಿದ್ದು ನನ್ನ ತಪ್ಪು. ಒಯ್ದು ತೋರಿಸಿದ್ದು ಇನ್ನೂ ದೊಡ್ಡ ತಪ್ಪು. ಅವರು ಗಿರಾಕಿಗಳ ವಿಷಯ ಹೇಳಿದ್ದೆಲ್ಲ ನಿಜ. ಕಿವೀಲಿ ಉಸುರೋ ಆ ಯಂತ್ರಾನ ಜೋಡಿಸಿದ್ದು ನಾನೇ."

"ನೀವು ಯಾರ ಕಡೆಯವರು?" ವಕೀಲರು ಹಲ್ಲು ಕಡಿದರು.

"ಬೆಳಿಗ್ಗೆವರೆಗೂ ನಿಮ್ಮ ಕಡೆಯವನೇ," ಎಂದು ಅವನು ಕುಳಿತ.

ಮಾರಾಟದ ಮುಖ್ಯಸ್ಥ ಮೊದಲ ಸಾಲಿನಲ್ಲೇ ಫೋನ್ ತೆಗೆದು ಬೆರಳಾಡಿಸಿದ. ಹಿಂದೆಯೇ ತಂತಿಯ ಫೋನು ಕಿಣಿ ಎಂದಿತು. ತೆಗೆದು ಓದಿ, ಮತ್ತೆ ಜೇಬಿಗಿಟ್ಟ. ಕೆಲಸ ಹೋಗುವುದಕ್ಕೂ ಈಗ ಒಂದು ಸಣ್ಣ ಗಂಟೆ ಸಾಕು.

ಹೊಸ ನಿಯಮ ಬರುವವರೆಗೆ ಯಾರ ನೋಟವನ್ನೂ ಯಾರಿಗೂ ತೋರಿಸಕೂಡದು, ಕೇಳಿದವರದನ್ನು ಅಳಿಸಬೇಕು ಎಂದು ಅಧ್ಯಕ್ಷೆ ಹೇಳಿದರು.

ಗೆದ್ದಿದ್ದಳು. ಆದರೂ ಎದೆಯ ಉರಿ ಆರಿರಲಿಲ್ಲ.

ಕಾರಿಡಾರಿನಲ್ಲಿ ಅವನನ್ನು ಅಡ್ಡಗಟ್ಟಿದಳು.

"ತಪ್ಪು ಅಂದುಬಿಟ್ರೆ ಆಯ್ತಾ? ಯಾಕೆ ತೋರಿಸಿದ್ರಿ ಅವನಿಗೆ? ನನ್ನನ್ನ ಆಡಿಕೊಳ್ಳೋಕಾ?"

"ಅಲ್ಲ! ಹೊಸ ಲೆನ್ಸು ಕೊಡಿಸಿ ಅಂತ ಕೇಳೋಕೆ ಹೋಗಿದ್ದೆ."

"ಲೆನ್ಸಾ?"

"ನಿಮ್ಮ ಹೆಡ್‌ಸೆಟ್‌ನಲ್ಲಿ ದೋಷ ಇದೆ ಅಂದ್ಕೊಂಡೆ ಮೇಡಂ. ಆ ಕೆಂಪು ಮಚ್ಚೆ... ನನ್ನ ಮೇಲೇ ನಿಂತುಬಿಟ್ಟಿತ್ತು. ಬದಲಾಯಿಸಿದೆ, ಹೊಸದೂ ಹಾಗೇ ಬಂತು. ಲೆನ್ಸೇ ಕೆಟ್ಟಿದೆ, ನೋಡಿ ಸಾರ್ ಅಂತ ತೋರಿಸಿದೆ. ಅವರು ನಕ್ಕಾಗಲೂ ನನಗೆ ಅರ್ಥ ಆಗಲಿಲ್ಲ."



"ಒಬ್ಬಳು ಹುಡುಗಿ ನಿಮ್ಮನ್ನ ನೋಡ್ತಿದ್ದಾಳೆ ಅನ್ನೋದಕ್ಕಿಂತ ಯಂತ್ರ ಕೆಟ್ಟಿದೆ ಅನ್ನೋದೇ ಸರಿ ಅನ್ನಿಸ್ತಾ ನಿಮಗೆ?"

"ನನ್ನನ್ನ ಯಾಕೆ ನೋಡ್ತಾರೆ? ಅದೂ ಒಳಗಡೆ... ಕಾಲು ಕೂಡ ಇರಲ್ಲ ನನಗೆ."

ನಗು ಗಂಟಲವರೆಗೆ ಬಂತು. ನುಂಗಿದಳು. ಸುಲಭಕ್ಕೆ ಬಿಡುವವಳಲ್ಲ ಅವಳು.

"ದೋಷ ಅಂತ ಕಂಡಾಗ ನನ್ನನ್ನೇ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ?"

"ಇಲ್ಲ. ಯಂತ್ರ ಅಂದ್ಕೊಂಡು ಬಿಚ್ಚಿದೆ. ಅದರೊಳಗೆ ನೀವಿದ್ದೀರಿ ಅಂತ ಯೋಚಿಸಲಿಲ್ಲ. ಇದಕ್ಕೆ ನೀವು ಎಷ್ಟು ಬೈದರೂ ಸರಿ."

ಅವನು ಸಬೂಬು ಕೊಡಲಿಲ್ಲ. ಬೈಗುಳಕ್ಕೆ ಕಾಯುತ್ತ ನಿಂತ. ಅವಳ ಸಿಟ್ಟಿಗೆ ಹಿಡಿದುಕೊಳ್ಳಲು ಏನೂ ಉಳಿಯಲಿಲ್ಲ.

"ಇನ್ನೊಂದು ವಿಷಯ..." ಅವನು ತಡವರಿಸಿದ. "ದೋಷ ಎಲ್ಲಿದೆ ಅಂತ ಪತ್ತೆ ಮಾಡೋಕೆ, ಯಾವುದಾದರೂ ಸರಿಯಾಗಿರೋ ಹೆಡ್‌ಸೆಟ್ ಜೊತೆ ಹೋಲಿಸಬೇಕಲ್ಲ. ನನ್ನದನ್ನೇ ತೆಗೆದು ನೋಡಿದೆ."

"ಮತ್ತೆ?"

"ಅದರಲ್ಲೂ ಅದೇ ದೋಷ ಇತ್ತು. ಮನೆಯೆಲ್ಲ ನೀಲಿ... ಒಂದೇ ಮಚ್ಚೆ. ನೀವು ಹೋದ ಕಡೆಯೆಲ್ಲ."



"ಎರಡನ್ನೂ ರಿಪೇರಿಗೆ ಹಾಕಿದ್ರಾ?" ಅವಳ ಧ್ವನಿ ಸಣ್ಣಗಾಗಿತ್ತು.

"ಹಾಕಿದೆ. ಎರಡೂ ಸರಿಯಾಗಿವೆ ಅಂತ ವಾಪಸ್ ಬಂದ್ವು. ನೀವು ಹೋದ ಮಾರನೇ ದಿನ."

ಅವಳು ಒಂದು ಹೆಜ್ಜೆ ಮುಂದೆ ಬಂದಳು. ಕಣ್ಣು ತುಂಬಿತ್ತು, ಹುಬ್ಬು ಗಂಟಿಕ್ಕಿತ್ತು.

"ಕಿವಿಗೊಟ್ಟು ಕೇಳಿ. ಒಂದೇ ಸಲ ಹೇಳೋದು. ಗೋಡೆ ಹೇಳಿದ್ದು ಲೆಕ್ಕಕ್ಕಿಲ್ಲ, ಯಂತ್ರ ಹೇಳಿದ್ದು ಲೆಕ್ಕಕ್ಕಿಲ್ಲ. ಈಗ ನಾನು ಹೇಳ್ತಿದ್ದೀನಿ. ನೀವಂದ್ರೆ ನನಗೆ ಇಷ್ಟ! ತುಂಬ ಇಷ್ಟ! ಅದಕ್ಕೇ ಇಷ್ಟು ಸಿಟ್ಟು!"

ಗುಡುಗಿಗೆ ಕಾರಿಡಾರಿನ ಕೊನೆಯಲ್ಲಿದ್ದ ಕಾವಲುಗಾರ ಎದ್ದು ನಿಂತ. ವಿಷಯ ತಿಳಿದು ಮತ್ತೆ ಕುಳಿತ.

ತಂತಿ ಅವಳನ್ನೇ ನೋಡುತ್ತಿದ್ದ. ಈ ಸಲ ಮುಖ ತಿರುಗಿಸಲಿಲ್ಲ.

"ಏನಾದ್ರೂ ಹೇಳ್ರೀ!"

ಅವನು ಗಂಟಲು ಸರಿಮಾಡಿಕೊಂಡ.

"ವಾಷಿಂಗ್ ಮೆಷಿನ್... ಎಲ್ಲಿಡೋಣ?"

ಅವಳ ಹುಬ್ಬಿನ ಗಂಟು ಬಿಚ್ಚಿತು. ಕೈ ಚಾಚಿದಳು. ಬಾಗಿಲು ತೆರೆಯುವ ಮುನ್ನ ತಡೆಯುತ್ತಿದ್ದ ಆ ಕೈ ಇಲ್ಲೂ ಒಂದು ಕ್ಷಣ ತಡೆಯಿತು. ಆಮೇಲೆ ಹಿಡಿಯಿತು. ಬೆಚ್ಚಗಿತ್ತು.

"ಮೊದಲು ಮನೆ ಹುಡುಕಿ," ಎಂದಳು. "ಮೆಟ್ಟಿಲಿರೋದು."

"ಎಲ್ಲ ಮೆಟ್ಟಿಲೂ ನಾನೇ ಮುಂಚೆ ಹತ್ತಿ ನೋಡ್ತೀನಿ."

"ಬೇಡ. ಒಟ್ಟಿಗೇ ಹತ್ತೋಣ."