ಗಂಗರಾಜುವಿನ ಸ್ಕೀಮು

ಆಯುಧಪೂಜೆಯ ದಿನ ಸದಾಶಿವಯ್ಯನವರು ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿ, ಬೂದುಗುಂಬಳ ಒಡೆಸಿದರು. ಅದರ ಮುಂದೆ ಕೂರುವ ಗಂಗರಾಜುವಿಗೆ ಒಂದು ಹಿಡಿ ಪುರಿ ಸಿಕ್ಕಿತು. ಸಂಬಳ ಏರಿಸಿ ಎಂದು ಕೇಳಿದಾಗ ತಿಪಟೂರಿನ ಆ ಕೊಬ್ಬರಿ ಮಂಡಿಯ ಯಜಮಾನರು ನಕ್ಕರು.

"ಕೆಲ್ಸ ಎಲ್ಲಾ ಅದೇ ಮಾಡ್ತದಲ್ಲಪ್ಪ! ನೀನು ಟೀ ಕುಡಿಯಾಕೆ ತಾನೆ ಬರಾದು?"

"ಮಾಡ್ಸೋನು ನಾನು, ಯಜಮಾನ್ರೇ. ಸ್ಕೀಮ್ ಅಂತ ಒಂದು ಕಂಪ್ಯೂಟರ್ ಭಾಷೆ ಐತೆ. ಅದ್ರಲ್ಲಿ ಬರ್ದಿಟ್ಟಿದೀನಿ."

"ಸ್ಕೀಮಾ? ಯಾವ ಸರ್ಕಾರದ್ದು? ಸಬ್ಸಿಡಿ ಐತಾ?"

ಹಮಾಲರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕರೆಂಟ್ ಹೋದರೆ ಸತ್ತು, ಬಂದರೆ ತಾನೇ ಎದ್ದು ಕೂರುವ ಆ ಕಂಪ್ಯೂಟರಿಗಾಗಿ ಕೇಳಿದ್ದ ಯುಪಿಎಸ್ ಬ್ಯಾಟರಿಯೂ ಆ ನಗೆಯಲ್ಲೇ ಕೊಚ್ಚಿಹೋಯಿತು.

ಗಂಗರಾಜು ಅಂದೇ ನಿಶ್ಚಯಿಸಿದ. ಗೋದಾಮಿನಿಂದ ನಾಲ್ಕು ಚೀಲ ಉಂಡೆ ಕೊಬ್ಬರಿ ಹೋಗಬೇಕು. ತನ್ನ ಕೆಲಸ ಮಾತ್ರ ಹೋಗಬಾರದು.

ಬೀಗದ ಕೈ ಅವನೂ ಸೇರಿ ಐದಾರು ಜನರ ಬಳಿ ಇದ್ದುದರಿಂದ ಅದೊಂದು ಸಮಸ್ಯೆಯಲ್ಲ. ಸಮಸ್ಯೆ ಹಿಂಬಾಗಿಲನ್ನು ಕಾಯುವ ಕ್ಯಾಮೆರಾ. ಆದರೆ ಅದು ಕಂಡದ್ದೆಲ್ಲ ಬಂದು ಬೀಳುತ್ತಿದ್ದುದು ಅವನದೇ ಕಂಪ್ಯೂಟರಿಗೆ, ಗಂಟೆಗೊಂದು ಫೈಲಾಗಿ. ಹಳೆಯ ಫೈಲು ಅಳಿಸಲು, ರೈತರಿಗೆ ದರದ ಮೆಸೇಜ್ ಕಳಿಸಲು, ಉಳಿದವರು ಶೆಲ್ ಸ್ಕ್ರಿಪ್ಟಿನಲ್ಲಿ ಗೀಚುವ ಸಣ್ಣಪುಟ್ಟ ಚಾಕರಿಗೆಲ್ಲ ಅವನು ಸ್ಕೀಮನ್ನೇ ಹೂಡಿದ್ದ. ಆವರಣ ಚಿಹ್ನೆಗಳಿಂದ ತುಂಬಿದ ಆ ಭಾಷೆ ಅವನಿಗೆ ಅಚ್ಚುಮೆಚ್ಚು: ಒಡೆದ ಕಾಯಿಯ ಹೋಳುಗಳಂತೆ ಎಡಕ್ಕೊಂದು, ಬಲಕ್ಕೊಂದು, ಜೋಡಿ ತಪ್ಪುವಂತಿಲ್ಲ.

ಹೊಸ ಸ್ಕ್ರಿಪ್ಟು, ಅಂದರೆ ಕಂಪ್ಯೂಟರಿಗೆ ಬರೆದಿಟ್ಟ ಅಪ್ಪಣೆ, ಹನ್ನೊಂದೇ ಸಾಲು. ಮಂಗಳವಾರ ಮಂಡಿಗೆ ರಜೆ. ಹೋದ ಮಂಗಳವಾರದ ಹಗಲಿನ ಫೈಲುಗಳನ್ನು ತೆಗೆದುಕೋ, ಮೂಲೆಯ ತಾರೀಖು ತಿದ್ದು, ಈ ಮಂಗಳವಾರದ ಜಾಗದಲ್ಲಿಡು, ಕೊನೆಗೆ ನಿನ್ನನ್ನೇ ಅಳಿಸಿಕೋ. ಆ ಜಾಗದಲ್ಲಿ ಮೊದಲೇ ಫೈಲು ಇದೆ, ಇಲ್ಲ ಎಂದು ಸೊಲ್ಲೆತ್ತದಂತೆ ಅದರ ಬಾಯಿಯನ್ನೂ ಕಟ್ಟಿದ. ರಾತ್ರಿ ಅದು ತಾನಾಗಿ ಓಡುತ್ತದೆ. ಅಷ್ಟು ಹೊತ್ತಿಗೆ ಅವನು ತನ್ನೂರು ಹಾಲ್ಕುರಿಕೆಯ ಮನೆಯಲ್ಲಿ ಮುದ್ದೆ ಮುರಿಯುತ್ತಿರುತ್ತಾನೆ.

ಮಂಗಳವಾರ ನಡುಮಧ್ಯಾಹ್ನ ಎಲ್ಲವೂ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಡೆಯಿತು. ಜಾಣತನವೆಂದು ಅವನು ಒಂದು ಸ್ವಿಚ್ಚನ್ನೂ ಮುಟ್ಟಲಿಲ್ಲ; ಗಾಜಿನ ಹೆಂಚಿನ ಬೆಳಕೇ ಸಾಕಾಯಿತು. ಸದಾ ಗಡಗಡ ಎನ್ನುವ ಪಕ್ಕದ ಹಿಟ್ಟಿನ ಗಿರಣಿಯೂ ಸುಮ್ಮನಿತ್ತು. ಗಿರಣಿಯ ಒಡತಿ ದ್ರಾಕ್ಷಾಯಣಮ್ಮ ಊಟಕ್ಕೆ ಹೋಗಿರಬೇಕು, ಪುಣ್ಯಾತ್ಗಿತ್ತಿ! ನಾಲ್ಕನೆಯ ಚೀಲವನ್ನು ಲಗೇಜ್ ಆಟೊಗೆ ಹೇರಿದ ಮೇಲೆ ಅವನಿಗೆ ಖುಷಿ ತಡೆಯಲಾಗಲಿಲ್ಲ. ಕ್ಯಾಮೆರಾದ ಎದುರು ನಿಂತು ಕೈಮುಗಿದ, ನಾಲಿಗೆ ಚಾಚಿದ, ಲುಂಗಿ ಎತ್ತಿಕಟ್ಟಿ ಎರಡು ಹೆಜ್ಜೆ ಕುಣಿದೂ ಬಿಟ್ಟ.

ಬುಧವಾರ ಯಜಮಾನರು ಬೀದಿಗೇ ಕೇಳುವಂತೆ ಕೂಗಾಡಿದರು. "ಕ್ಯಾಮೆರಾ ನೋಡಣ ಬನ್ನಿ" ಎಂದು ಗಂಗರಾಜು ತಾನೇ ಕರೆದ. ಗದ್ದಲ ಕೇಳಿ ದ್ರಾಕ್ಷಾಯಣಮ್ಮನೂ ಸೆರಗಿನ ಹಿಟ್ಟು ಕೊಡವುತ್ತ ಬಂದು ನಿಂತರು. ಪರದೆಯ ಮೇಲೆ ಮಂಗಳವಾರ ಸಾಗಿತು: ಮುಚ್ಚಿದ ಬಾಗಿಲು, ಬೀಗ, ಒಂದು ಅಳಿಲು.

"ನರಪಿಳ್ಳೆ ಬಂದಿಲ್ಲ, ಯಜಮಾನ್ರೇ. ಚೀಲ ಎಣ್ಸಿದ್ದೇ ತಪ್ಪಿರ್ಬೇಕು."

ಸದಾಶಿವಯ್ಯ ತಲೆ ಕೆರೆದುಕೊಂಡರು. ದ್ರಾಕ್ಷಾಯಣಮ್ಮ ಮಾತ್ರ ಮೂಲೆಯ ತಾರೀಖನ್ನು ಬೆರಳಿಟ್ಟು ಓದಿ, ಗಲ್ಲಕ್ಕೆ ಕೈ ಹಚ್ಚಿದರು. "ಅಲ್ಲಾ ಕಣ್ರೀ, ನಿನ್ನೆ ಲೈನ್ ರಿಪೇರಿ ಅಂತ ಬೆಳಗ್ಗಿಂದ ಸಂಜೆಗಂಟ ಬೀದಿಗೇ ಕರೆಂಟ್ ಇರ್ಲಿಲ್ಲ. ಗಿರಣಿ ನಿಲ್ಸಿ ಕೈಕಟ್ಟಿ ಕೂತಿದ್ದೆ. ನಿಮ್ ಕ್ಯಾಮೆರಾ ಒಂದಕ್ಕೆ ಎಲ್ಲಿಂದ ಬಂತು ಕರೆಂಟು?"